ಪೋಸ್ಟ್ ಕಾರ್ಡಿನಲ್ಲಿ ಹೋದ ಪ್ರಾರ್ಥನೆ

ಧಾರವಾಡದಿಂದ ಬೇರೆಯಾಗಿ ಗದಗ ಹೊಸ ಜಿಲ್ಲೆಯಾದದ್ದು 1997ರಲ್ಲಿ. ಮರುವರ್ಷ, ನಾಗರ ಪಂಚಮಿ ಕಳೆದ ಮೇಲಿನ ಸೋಮವಾರ ಬೆಳಿಗ್ಗೆ, ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬಾತ ತನ್ನ ಹೆಂಡತಿಯ ಮೇಲೆ ಕುಡಗೋಲು ಬೀಸಿದ. ಆಕೆ ಎಡಗೈ ಅಡ್ಡ ಹಿಡಿದಳು. ಎರಡು ಬೆರಳು ಹೋದವು. ಕೊರಳು ಉಳಿಯಿತು.

ನಾನು ಆಗ ಹುಬ್ಬಳ್ಳಿಯಿಂದ ಪ್ರಕಟವಾಗುವ ಒಂದು ದಿನಪತ್ರಿಕೆಯ ಗದಗ ವರದಿಗಾರ. ಸಂಜೆ ಆರರೊಳಗೆ ಸುದ್ದಿ ಬರೆದು, ಉದ್ದನೆಯ ಕವರಿನಲ್ಲಿ ಹಾಕಿ, ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಗೆ ಕೊಡುವುದು ನಮ್ಮ ಪದ್ಧತಿ. ಆ ಕಡೆಯ ನಿಲ್ದಾಣದಲ್ಲಿ ಕಚೇರಿಯವರು ಇಳಿಸಿಕೊಳ್ಳುತ್ತಿದ್ದರು. ಆ ದಿನದ ಕವರಿನಲ್ಲಿ, ಹೊಸ ಜಿಲ್ಲೆಯ ಕಚೇರಿಗಳಿಗೆ ಕಟ್ಟಡ ಸಿಗುತ್ತಿಲ್ಲ ಎಂಬ ಸುದ್ದಿ ಎರಡು ಹಾಳೆ ಇತ್ತು. ಕುಡಗೋಲಿನ ಸುದ್ದಿ ನಾಲ್ಕು ಸಾಲು. ಪೊಲೀಸರ ಟಿಪ್ಪಣಿಯಲ್ಲಿ ‘ಕ್ಷುಲ್ಲಕ ಕಾರಣಕ್ಕೆ ಜಗಳ’ ಎಂದಿತ್ತು. ನಾನೂ ಹಾಗೆಯೇ ಬರೆದೆ. ನಮ್ಮ ಪತ್ರಿಕೆಗಳಲ್ಲಿ ಹಲ್ಲೆಯ ಕಾರಣ ಗೊತ್ತಿಲ್ಲದಿದ್ದರೆ, ಅಥವಾ ಕೇಳಲು ಪುರುಸೊತ್ತಿಲ್ಲದಿದ್ದರೆ, ಕಾರಣ ಕ್ಷುಲ್ಲಕವಾಗಿರುತ್ತದೆ.

ಮರುದಿನ ಬೇರೆ ಕೆಲಸಕ್ಕೆಂದು ಗದಗದ ಆಸ್ಪತ್ರೆಗೆ ಹೋದವನು ಹೆಂಗಸರ ವಾರ್ಡಿಗೂ ಹೋದೆ. ಆಕೆ ಹದಿನಾಲ್ಕನೇ ಹಾಸಿಗೆಯಲ್ಲಿದ್ದಳು. ಮೂವತ್ತರೊಳಗಿನ ವಯಸ್ಸು. ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿದು ಕೊಡುವುದು ಆಕೆಯ ಕಸುಬು. ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ಬಟ್ಟೆ. ಹೋದದ್ದು ಬಟ್ಟೆ ಹಿಡಿಯುವ ಬೆರಳುಗಳು. ಇದನ್ನು ಆಕೆಯೇ ಲೆಕ್ಕ ಹಾಕಿ ಹೇಳಿದ್ದು.

ನಾನು ಪೇಪರಿನವನು ಎಂದು ತಿಳಿದ ಕೂಡಲೇ, ಹೆಸರು ಹಾಕಿದ್ದೀರೇನು ಎಂದು ಕೇಳಿದಳು. ಇಲ್ಲ ಎಂದೆ.

“ಇನ್ನ ಮುಂದೂ ಹಾಕಬ್ಯಾಡ್ರಿ. ಇಲ್ಲಿಂದ ಎಲ್ಲಿ ಹೋಗ್ತೀನಿ ಅಂತನೂ ಬರೀಬ್ಯಾಡ್ರಿ. ಅಂವಗ ಜಾಮೀನ ಸಿಗತೈತಂತ. ಕೋರ್ಟಿನ್ಯಾಗ ನಾ ಹೇಳೂದು ಹೇಳೂತನಾ ಅಂವಗ ನಾ ಸಿಗಬಾರದು.”

ಆಕೆಗೆ ಬೇಕಾಗಿದ್ದದ್ದು ಅಷ್ಟೇ. ಸಾಕ್ಷಿ ಹೇಳುವ ದಿನದವರೆಗೆ ಗಂಡನ ಕಣ್ಣಿಗೆ ಬೀಳದೆ ಇರುವುದು. ತವರಿನಲ್ಲಿ ತಾಯಿ ಇರಲಿಲ್ಲ. ಅಣ್ಣ ಒಮ್ಮೆ ಆಸ್ಪತ್ರೆಗೆ ಬಂದು, ಕೇಸು ಬಿಟ್ಟರೆ ಮನೆಗೆ ಬಾ, ಇಲ್ಲದಿದ್ದರೆ ಬೇಡ ಎಂದು ಹೇಳಿ ಹೋಗಿದ್ದ. ನಾನು ಮಾತು ಕೊಟ್ಟೆ. ಹೆಸರು ಹೊರಗೆ ಬಿಡದಿರುವುದು ನಮ್ಮ ಕಸುಬಿನ ಮೊದಲ ಪಾಠ. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇಲ್ಲಿಯೂ ಹೆಸರು ಬರೆಯುವುದಿಲ್ಲ. ಕೌದಿಯಾಕೆ ಎನ್ನುತ್ತೇನೆ.

ತೊಂದರೆ ಇದ್ದದ್ದು ಪತ್ರಿಕೆಯಲ್ಲಲ್ಲ, ನಮ್ಮ ಮನೆಯಲ್ಲಿ.

ಬೆಟಗೇರಿಯ ಮನೆಯಲ್ಲಿ ನಾನು, ನನ್ನ ಅಪ್ಪನ ಅಕ್ಕ, ಇಬ್ಬರೇ. ಮುತ್ತಜ್ಜ ನೇಕಾರ, ಅವನ ಕಾಲದಿಂದ ನಾವು ಕ್ರೈಸ್ತರು. ಅತ್ತೆ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದಳು. ಮದುವೆ ಆಗಿರಲಿಲ್ಲ. ನಮ್ಮ ಚರ್ಚಿನ ಸಭೆಯ ಹೆಂಗಸರು ಬುಧವಾರ ಮಧ್ಯಾಹ್ನ ಸೇರುವ ಪ್ರಾರ್ಥನಾ ಕೂಟ ಅವಳ ಉಸ್ತುವಾರಿಯಲ್ಲಿತ್ತು. ಕೂಟಕ್ಕೊಂದು ಉದ್ದನೆಯ ಪುಸ್ತಕ. ಪುಟಕ್ಕೆ ಮೂರು ಖಾನೆ: ಹೆಸರು, ಊರು, ಬೇಡಿಕೆ. ಮುಂದಿನ ಪುಟಗಳಲ್ಲಿ ಸಭೆಯವರ ಜ್ವರ, ಹೆರಿಗೆ, ಮಕ್ಕಳ ಪರೀಕ್ಷೆ. ಹಿಂದಿನಿಂದ ತೆರೆದರೆ, ಜಿಲ್ಲೆಯಲ್ಲಿ ಆ ವಾರ ಹೊಡೆತ ತಿಂದವರು, ಇರಿತಕ್ಕೆ ಒಳಗಾದವರು, ಸುಟ್ಟವರು. ಈ ಹಿಂದಿನ ಪುಟಗಳನ್ನು ಶುರು ಮಾಡಿದವಳು ಅತ್ತೆ. ಹೊಲಿಗೆ ಹಾಕಿ ಮನೆಗೆ ಕಳಿಸಿದ ಮೇಲೆ ಅವರನ್ನು ಯಾರೂ ಕೇಳುವುದಿಲ್ಲ, ಇಷ್ಟು ವರ್ಷ ನೋಡಿದ್ದೇನೆ ಎನ್ನುತ್ತಿದ್ದಳು. ಗಾಯಗೊಂಡವರ ಹೆಸರಿನ ಕೆಳಗೆ ಹೊಡೆದವರ ಹೆಸರೂ ಇರುತ್ತಿತ್ತು. ವೈರಿಗಳಿಗಾಗಿಯೂ ಪ್ರಾರ್ಥಿಸಿರಿ ಎಂದು ಕರ್ತನೇ ಹೇಳಿದ ಮೇಲೆ ಅದನ್ನು ಬಿಡುವ ಅಧಿಕಾರ ಕೂಟಕ್ಕಿಲ್ಲ ಎಂಬುದು ಅವಳ ನಿಲುವು.

ಈ ಪುಟಗಳಿಗೆ ಸುದ್ದಿಮೂಲ ನನ್ನ ಪತ್ರಿಕೆ. ಬುಧವಾರ ಬೆಳಿಗ್ಗೆ ನಾನು ರೊಟ್ಟಿ ಮುರಿಯುವಾಗ ಅತ್ತೆ ವಾರದ ಪೇಪರ್‌ಗಳನ್ನು ಹರಡಿಕೊಂಡು ಕೂರುತ್ತಿದ್ದಳು. ವಿಚಾರಣೆ ಶುರುವಾಗುತ್ತಿತ್ತು.

“ಶಿರಹಟ್ಟಿಯೊಳಗ ಇಬ್ಬರಿಗೆ ಗಾಯ ಅಂತ ಬರದೀಯಲ್ಲ, ಯಾವ ಇಬ್ಬರು?”

“ಇಬ್ಬರು ಅಂದ್ರ ಇಬ್ಬರು, ಅತ್ತಿ.”

“ದೇವರ ಮುಂದ ನಿಂತು ‘ಇಬ್ಬರು’ ಅಂತ ಹೇಳಲೇನು?”

ದೇವರಿಗೆ ಹೇಗೂ ಗೊತ್ತಿರುತ್ತದಲ್ಲ ಎಂದು ನಾನು ಹೇಳಿದರೆ ಅದಕ್ಕೂ ಉತ್ತರವಿತ್ತು. “ಅವಗ ಗೊತ್ತೈತಿ. ಕೂಟದಾಗ ಕುಂತ ಹೆಣಮಕ್ಕಳಿಗೆ ಗೊತ್ತಿರಬೇಕಲ್ಲ. ಹೆಸರು ತಿಳೀಲಿಲ್ಲಂದ್ರ ಗುರುವಾರ ಬುತ್ತಿ ಯಾರಿಗೆ ಕಟ್ಟತಾರ?”

ಅದು ಸುಳ್ಳಲ್ಲ. ಬುಧವಾರ ಹೆಸರು ಓದಿದರೆ ಗುರುವಾರ ಯಾರಾದರೂ ಇಬ್ಬರು ಹೆಂಗಸರು ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು. ಬಿದ್ದವನ ಜಾತಿ ಕೇಳುತ್ತಿರಲಿಲ್ಲ, ತಪ್ಪು ಯಾರದೆಂದೂ ಕೇಳುತ್ತಿರಲಿಲ್ಲ. ಅಸುಂಡಿಯ ಒಬ್ಬ ಕುಡುಕ, ತಾನೇ ಜಗಳ ತೆಗೆದು ತಾನೇ ತಲೆ ಒಡೆಸಿಕೊಂಡವನು, ಒಂದು ತಿಂಗಳು ಇವರ ಕೈಯ ರೊಟ್ಟಿ ತಿಂದು ಮೈ ಕೈ ತುಂಬಿಕೊಂಡು ಊರಿಗೆ ಹೋದ. ಇದನ್ನೆಲ್ಲ ನಾನು ಕಂಡಿದ್ದೇನೆ. ಕಂಡೂ ನನಗೆ ತಲೆ ಬಿಸಿಯಾಗುತ್ತಿತ್ತು. ಪತ್ರಿಕೆಯಲ್ಲಿ ಇಲ್ಲದ ಹೆಸರು ಪತ್ರಿಕೆಯವನ ಮನೆಯಿಂದ ಹೊರಗೆ ಹೋಗಬಾರದು ಎಂಬ ಸರಳ ಸಂಗತಿ, ಮೂವತ್ತು ವರ್ಷ ರೋಗಿಗಳ ಗುಟ್ಟು ಕಾಪಾಡಿದ ಹೆಂಗಸಿನ ತಲೆಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, ಪ್ರಾರ್ಥನೆಯಲ್ಲಿ ಹೇಳುವುದು ‘ಹೊರಗೆ ಹೇಳುವುದು’ ಹೇಗಾಗುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದಳು.

ಕೌದಿಯಾಕೆಯ ನಾಲ್ಕು ಸಾಲು ಅಚ್ಚಾದದ್ದು ಮಂಗಳವಾರ. ಆ ಬುಧವಾರ ಬೆಳಿಗ್ಗೆ ಅತ್ತೆ ಹೆಸರು ಕೇಳಿದಳು. ಹೇಳಲಿಲ್ಲ. ಕೂಟದಲ್ಲಿ ‘ಮುಂಡರಗಿ ಕಡೆಯ ಒಬ್ಬ ಸಹೋದರಿ’ ಎಂದು ಓದಬೇಕಾಯಿತಂತೆ. ಸಂಜೆ ಮುಖ ಊದಿಸಿಕೊಂಡು ಬಂದಳು. ಗುರುವಾರ ಮತ್ತೆ ಕೇಳಿದಳು. ಶುಕ್ರವಾರ ಸಂಜೆ ಐದೂ ಮುಕ್ಕಾಲಿಗೆ ನಾನು ಬರೆಯುತ್ತಾ ಕೂತಿದ್ದೆ, ಕರೆಂಟು ಹೋಗಿತ್ತು, ಆರರ ಬಸ್ಸು ತಪ್ಪಿದರೆ ಮುಂದಿನದು ಏಳೂವರೆಗೆ. ಅತ್ತೆ ಬಾಗಿಲ ಬೆಳಕಿಗೇ ಅಡ್ಡ ನಿಂತು ಮೂರನೇ ಸಲ ಕೇಳಿದಳು.

“ಹದಿನಾಲ್ಕನೇ ಹಾಸಿಗಿ. ನೀನ ಹೋಗಿ ಕೇಳ್ಕೋ. ಬೆಳಕ ಬಿಡು.”

ಹೆಸರನ್ನು ನಾನು ಹೇಳಲಿಲ್ಲ. ಬಹಳ ದಿನ ಇದನ್ನೇ ನನ್ನ ಸಮರ್ಥನೆಯಾಗಿ ಇಟ್ಟುಕೊಂಡಿದ್ದೆ.

ಶನಿವಾರ ಅತ್ತೆ ಆಸ್ಪತ್ರೆಗೆ ಹೋದಳು. ವಾರ್ಡಿನ ಅರ್ಧ ನರ್ಸುಗಳು ಅವಳ ಕೈಯಲ್ಲಿ ಕಲಿತವರು, ಯಾರೂ ತಡೆಯಲಿಲ್ಲ. ಅಲ್ಲಿಂದ ಮುಂದೆ ದಿನವೂ ಹೋದಳು. ಬುತ್ತಿ ಒಯ್ದಳು, ತಲೆ ಬಾಚಿದಳು, ಉಳಿದ ಮೂರು ಬೆರಳಿನಲ್ಲಿ ಬಟ್ಟೆಯ ಅಂಚು ಹೇಗೆ ಹಿಡಿಯಬಹುದು ಎಂದು ತನ್ನ ಸೆರಗಿನ ಮೇಲೆಯೇ ತೋರಿಸಿದಳು. ನನಗೆ ಬೇಕಾದಷ್ಟನ್ನೇ ಹೇಳಿದ್ದ ಹೆಂಗಸು ಅತ್ತೆಗೆ ಎಲ್ಲವನ್ನೂ ಹೇಳಿದಳು. ನಿನಗಾಗಿ ಪ್ರಾರ್ಥನೆ ಮಾಡಲೇನು ಎಂದು ಅತ್ತೆ ಕೇಳಿದ್ದಾಳೆ. ಮಾಡ್ರಿ ಎಂದು ಆಕೆ ಒಪ್ಪಿದ್ದಾಳೆ. ಒಪ್ಪಿಗೆ ಪಡೆದಿದ್ದಳು ಎಂಬುದನ್ನು ಅತ್ತೆಯ ಪರವಾಗಿ ದಾಖಲಿಸಬೇಕು.

ಪಕ್ಕದ ಹಾಸಿಗೆಯಲ್ಲಿ ಬಿಂಕದಕಟ್ಟಿಯ ಒಬ್ಬ ರೈತರ ಮನೆಯಾಕೆ ಇದ್ದಳು, ಹೊಟ್ಟೆಯ ಆಪರೇಷನ್ ಆಗಿತ್ತು. ಬಿಡುಗಡೆಯ ದಿನ ಅವಳೇ, ನಮ್ಮ ಮನೆಯಲ್ಲಿ ಹಿತ್ತಲ ಕೋಣೆ ಖಾಲಿ ಇದೆ, ನಡಿ ಎಂದು ಕೌದಿಯಾಕೆಯನ್ನು ಕರೆದುಕೊಂಡು ಹೋದಳು. ಬಳಗವಲ್ಲ, ಪರಿಚಯವಲ್ಲ. ಕೌದಿಯಾಕೆಯ ಗಂಡನಿಗೆ ಆ ಮನೆ ಗೊತ್ತಿರಲು ಸಾಧ್ಯವಿರಲಿಲ್ಲ. ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ಅಷ್ಟರಲ್ಲಿ ಅವನಿಗೆ ಜಾಮೀನು ಸಿಕ್ಕಿತ್ತು.

ಇಲ್ಲಿ ಕೂಟದ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ನಮ್ಮವರ ಮನೆಗಳು ನಾಲ್ಕೋ ಐದೋ. ಚರ್ಚು ಕಟ್ಟುವಷ್ಟು ಜನವಿಲ್ಲ. ಯಾರಾದರೊಬ್ಬರ ಪಡಸಾಲೆಯಲ್ಲಿ ಕೂಡುತ್ತಿದ್ದರು. ಅವರೂ ಅದೇ ಬೇಡಿಕೆಗೆ ಪ್ರಾರ್ಥಿಸಲಿ ಎಂದು ಪ್ರತಿ ಬುಧವಾರ ಕೂಟ ಮುಗಿದ ಮೇಲೆ ಅತ್ತೆ ಮೂರೂ ಊರಿಗೆ ಪೋಸ್ಟ್ ಕಾರ್ಡ್ ಬರೆಯುತ್ತಿದ್ದಳು. ಇನ್‌ಲ್ಯಾಂಡ್ ಪತ್ರವಲ್ಲ, ಕಾರ್ಡು. ಪ್ರಾರ್ಥನೆಯಲ್ಲಿ ಮುಚ್ಚಿಡುವಂಥದ್ದು ಏನಿದೆ, ಓದಿದ ಪೋಸ್ಟ್‌ಮನ್ನನೂ ಒಂದು ಮಾತು ಬೇಡಿಕೊಂಡರೆ ಲಾಭವೇ ಎಂಬುದು ಹಳಬರಿಂದ ಬಂದ ವಾದ.

ಕೌದಿಯಾಕೆ ಬಿಂಕದಕಟ್ಟಿಗೆ ಹೋದ ಮೇಲಿನ ಬುಧವಾರ ಮುಂಡರಗಿಗೆ ಹೋದ ಕಾರ್ಡನ್ನು ನಾನು ಆಮೇಲೆ ಕಂಡಿದ್ದೇನೆ. ಅತ್ತೆಯ ದುಂಡನೆಯ ಅಕ್ಷರ. ಕೌದಿಯಾಕೆಯ ಹೆಸರು, ಗಂಡನ ಹೆಸರು, ಹಳ್ಳಿಯ ಹೆಸರು. ನಂತರ: ‘ಈ ಸಹೋದರಿಯು ಕರ್ತನ ಕೃಪೆಯಿಂದ ಗುಣಹೊಂದಿ ಈಗ ಬಿಂಕದಕಟ್ಟಿಯಲ್ಲಿ ಒಬ್ಬ ದಯಾವಂತರ ಮನೆಯಲ್ಲಿ ಸುರಕ್ಷಿತವಾಗಿದ್ದಾಳೆ. ಸ್ತೋತ್ರ ಸಲ್ಲಿಸಿರಿ. ನಿಮ್ಮ ತಾಲ್ಲೂಕಿನವನಾದ ಆಕೆಯ ಗಂಡನ ಮನಸ್ಸು ತಿರುಗುವಂತೆ ವಿಶೇಷವಾಗಿ ಬೇಡಿರಿ.’

ಮುಂದಿನ ವಾರ, ಶನಿವಾರ ಮಧ್ಯಾಹ್ನ, ಅತ್ತೆ ಜಗಲಿಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಬಿಂಕದಕಟ್ಟಿಯ ಹೆಂಗಸು ಬಂದಳು. ಆಪರೇಷನ್ ಆದ ಹೊಟ್ಟೆ ಹಿಡಿದುಕೊಂಡು, ಏದುಸಿರು ಬಿಡುತ್ತಾ, ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕುಳಿತಳು. ಬೆಳಿಗ್ಗೆ ಕೌದಿಯಾಕೆ ಕೈಯ ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋದ ಮೇಲೆ ಅವಳ ಗಂಡ ಓಣಿಗೆ ಬಂದು, ಮುಂಡರಗಿ ಕಡೆಯ ಹೆಂಗಸು ಯಾರ ಮನೆಯಲ್ಲಿದ್ದಾಳೆ ಎಂದು ಬಾಗಿಲು ಬಾಗಿಲಿಗೆ ಕೇಳಿದನಂತೆ. ಇವಳು, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಕಳಿಸಿದ್ದಳು. ಸಂಜೆ ಮತ್ತೆ ಬರುತ್ತೇನೆ ಎಂದು ಹೋಗಿದ್ದ.

ಆತನ ಕೈಯಲ್ಲಿ ಒಂದು ಚೀಲವಿತ್ತು. ಚೀಲದ ಬಗ್ಗೆ ಎರಡು ಹೇಳಿಕೆಗಳಿವೆ. ಒಳಗೆ ಕುಡಗೋಲಿನ ಹಿಡಿಕೆ ಕಂಡೆ ಎಂದು ಈ ಹೆಂಗಸು ಹೇಳಿದಳು. ಬಾಳೆಹಣ್ಣು ಇದ್ದವು ಎಂದು ಎದುರು ಮನೆಯ ಮುದುಕ ಹೇಳಿದ. ಇಬ್ಬರನ್ನೂ ನಾನು ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ತಮ್ಮ ಮಾತು ಬದಲಿಸಲಿಲ್ಲ.

ನಾನು ಸೈಕಲ್ ಹತ್ತಿ ಆಸ್ಪತ್ರೆಗೆ ಹೋಗಿ ಕೌದಿಯಾಕೆಯನ್ನು ನಮ್ಮ ಮನೆಗೆ ಕರೆತಂದೆ. ಅವಳು ಜಗಲಿಯ ಮೇಲೆ, ಆ ಸೊಪ್ಪಿನ ಮೊರದ ಪಕ್ಕ ಕುಳಿತಳು. ಯಾರಿಂದ ಸುದ್ದಿ ಹೋಯಿತೆಂದು ನಾನು ಕೇಳಬೇಕಾಗಿ ಬರಲೇ ಇಲ್ಲ. ಅತ್ತೆಯೇ ಹೇಳಿದಳು, ಕಾರ್ಡು ಬರೆದಿದ್ದೆ ಎಂದು.

ಕೌದಿಯಾಕೆಗೆ ಅದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಿಟ್ಟು ಮಾಡಲಿಲ್ಲ. “ನಾ ನಮ್ಮ ದ್ಯಾಮವ್ವಗ ಬೇಡ್ಕೋಬೇಕಾದ್ರ ಬಾಯಿ ಬಿಡಂಗಿಲ್ರಿ. ನಿಂತು ಕೈ ಮುಗೀತೀನಿ, ಆಕಿಗೆ ತಿಳೀತೈತಿ. ನಿಮ್ಮ ಮಂದಿ ಬರದು ಊರೂರಿಗೆ ಕಳಸ್ತಾರಂತ ನನಗ ಗೊತ್ತಿದ್ದಿಲ್ಲ.”

ಅತ್ತೆಯ ಕೈ ಸೊಪ್ಪಿನಲ್ಲೇ ಇತ್ತು. ನಾನು ನನ್ನ ಮೂರು ವಾರದ ಅಸಮಾಧಾನವನ್ನೆಲ್ಲ ಒಟ್ಟು ಮಾಡಿ ಹೇಳಿದೆ. ಹೆಸರು ಹೇಳಬೇಡ ಎಂದರೆ ಕೇಳಲಿಲ್ಲ, ನಿನ್ನ ಪ್ರಾರ್ಥನೆಗೆ ವಿಳಾಸ ಯಾಕೆ ಬೇಕು, ದೇವರೇನು ಪೋಸ್ಟ್‌ಮನ್ನನೇ ಎಂದೆ. ಅವಳು ಪೂರ್ತಿ ಕೇಳಿದಳು.

“ಹಾಸಿಗಿ ನಂಬರ ಯಾರು ಕೊಟ್ಟರಲೇ?” ಎಂದಳು.

ಮುಂದೆ ಏನು ಮಾಡುವುದೆಂದು ತೀರ್ಮಾನಿಸಿದವಳೂ ಅತ್ತೆಯೇ. ಬೆಟಗೇರಿಯ ನಮ್ಮ ಮನೆ ಸಭೆಗೆಲ್ಲ ಗೊತ್ತು. ಇಲ್ಲಿ ಇಟ್ಟುಕೊಳ್ಳುವುದು ಪೇಟೆಯಲ್ಲಿ ಕೂರಿಸಿದ ಹಾಗೆ. ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ಒಂದು ಮುಸ್ಲಿಂ ಕುಟುಂಬವಿತ್ತು. ಆ ಮನೆಯಾಕೆಯ ಮೂರು ಹೆರಿಗೆ ಮಾಡಿಸಿದವಳು ಅತ್ತೆ. ಅರ್ಧ ಗಂಟೆಯಲ್ಲಿ ಮೂವರೂ ಶಿರಹಟ್ಟಿ ಮೇಲೆ ಹೋಗುವ ಬಸ್ಸಿನಲ್ಲಿದ್ದೆವು. ಆ ದಿನ ನಾನು ಹುಬ್ಬಳ್ಳಿಗೆ ಕವರ್ ಕಳಿಸಲಿಲ್ಲ. ಕೌದಿಯಾಕೆ ಕಿಟಕಿಯ ಪಕ್ಕ ಕುಳಿತು ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಕೈ ನೋಡಿದರೆ ಗುರುತು ಹಿಡಿಯುತ್ತಾರೆ ಎಂದು. ಮಾಗಡಿ ಕೆರೆಯಲ್ಲಿ ನೀರಿತ್ತು. ಹಕ್ಕಿಗಳು ಬರಲು ಇನ್ನೂ ಎರಡು ತಿಂಗಳಿತ್ತು.

ಲಕ್ಷ್ಮೇಶ್ವರದ ಮನೆಯಲ್ಲಿ ಎಲ್ಲೆಲ್ಲೂ ಹತ್ತಿ. ಅತ್ತೆ ಬಾಗಿಲಲ್ಲೇ ನಿಂತು ಇವಳು ಯಾರು, ಏನಾಯಿತು ಎಂದು ಮೊದಲಿನಿಂದ ಶುರು ಮಾಡಿದಳು. ಮನೆಯಾಕೆ ಅರ್ಧಕ್ಕೇ ತಡೆದಳು. “ಅದೆಲ್ಲಾ ಇರಲಿ ಬಿಡ್ರಿ ನರ್ಸಬಾಯಿ. ಊಟಾ ಮಾಡ್ಯಾಳೋ ಇಲ್ಲೋ, ಅದಷ್ಟ ಹೇಳ್ರಿ.” ಕೌದಿಯಾಕೆ ಊಟ ಮಾಡಿರಲಿಲ್ಲ. ನಾವೂ ಮಾಡಿರಲಿಲ್ಲ.

ಸೋಮವಾರ ನಾನು ಮುಂಡರಗಿಗೆ ಹೋದೆ. ಒಬ್ಬರ ಮಾತಿನ ಮೇಲೆ ಸುದ್ದಿ ನಿಲ್ಲಬಾರದು ಎಂಬುದು ಅಭ್ಯಾಸ. ಬೈಯುವುದಕ್ಕೂ ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ಕಾರ್ಡು ತಲುಪಿದ ಮನೆ ಒಂದು ಹಿಟ್ಟಿನ ಗಿರಣಿಯ ಹಿಂದೆ. ಗಿರಣಿಯಾಕೆ ಮತ್ತು ಅವಳ ನೆಗೆಣ್ಣಿ, ಇಬ್ಬರೂ ಐವತ್ತು ದಾಟಿದವರು, ರೆಪ್ಪೆಯ ಮೇಲೆಲ್ಲ ಹಿಟ್ಟು. ನಾನು ಯಾರ ಅಳಿಯನೆಂದು ತಿಳಿದು ಸಂಭ್ರಮದಿಂದ ಚಹಾ ಇಟ್ಟರು. ಕಾರ್ಡು ಗೋಡೆಯ ಮೊಳೆಗೆ ಸಿಕ್ಕಿಸಿತ್ತು, ಕಾಳು ಬೀಸಿಸಲು ಬಂದವರ ಕಣ್ಣಿಗೆ ಸರಿಯಾಗಿ.

ಆದರೆ ಕಾರ್ಡನ್ನು ಯಾರೂ ಕದ್ದು ಓದಿರಲಿಲ್ಲ. ಅಷ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಗಂಡನ ಮನಸ್ಸು ತಿರುಗುವಂತೆ ವಿಶೇಷವಾಗಿ ಬೇಡಿರಿ ಎಂದು ಅತ್ತೆ ಬರೆದಿದ್ದನ್ನು ಇವರಿಬ್ಬರು ಮನಸ್ಸಿಗೆ ತೆಗೆದುಕೊಂಡಿದ್ದರು. ದೂರ ಕುಳಿತು ಬೇಡುವುದಕ್ಕಿಂತ ಎದುರಿಗೆ ಹೋಗಿ ಬೇಡುವುದು ಒಳ್ಳೆಯದೆಂದು, ಎರಡು ಹರದಾರಿ ನಡೆದು, ಅವನ ಹಳ್ಳಿಗೆ ಹೋಗಿ, ಅವನ ಕಟ್ಟೆಯ ಮೇಲೆ ಕುಳಿತು, ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದರು.

“ಅತ್ತ ಬಿಟ್ಟಾನ್ರಿ,” ಎಂದಳು ಗಿರಣಿಯಾಕೆ. “ಸಣ್ಣ ಹುಡುಗನಂಗ ಅತ್ತಾನ. ಆಕಿ ಕಾಲ ಬೀಳತೀನಿ, ಎಲ್ಲಿ ಅದಾಳ ಹೇಳ್ರಿ ಅಂದ. ಹೇಳಿದಿವಿ. ಕ್ಷಮಾ ಕೇಳಾಕ ಹೋಗಾಂವಗ ದಾರಿ ತೋರಸಬಾರದೇನ್ರಿ?”

ಅವನು ಚೀಲ ಹಿಡಿದು ಹೋಗಿದ್ದನ್ನು, ಚೀಲದ ಬಗ್ಗೆ ಇರುವ ಎರಡು ಹೇಳಿಕೆಗಳನ್ನು ಹೇಳಿದೆ. ನೆಗೆಣ್ಣಿ ಎದ್ದು ಹೋಗಿ ಕಾರ್ಡನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಗಿರಣಿಯಾಕೆ ಮಾತ್ರ, ಬಾಳೆಹಣ್ಣೇ ಇದ್ದಿರಬಹುದು ಎಂದಳು. ಅವರ ಮೇಲೆ ಸಿಟ್ಟು ಮಾಡಲು ನಾನು ನಲವತ್ತು ಕಿಲೋಮೀಟರ್ ಬಂದಿದ್ದೆ. ಚಹಾ ಕುಡಿದು ವಾಪಸ್ ಬಂದೆ. ಕೆಟ್ಟದ್ದು ಮಾಡಿದವರನ್ನು ವರದಿ ಮಾಡಲು ನನಗೆ ಬರುತ್ತಿತ್ತು. ಒಳ್ಳೆಯದನ್ನೇ ಮಾಡುತ್ತಾ ಇಂಥದ್ದನ್ನು ಮಾಡಿಟ್ಟವರ ಬಗ್ಗೆ ಹೇಗೆ ಬರೆಯಬೇಕೆಂದು ನನಗೆ ಯಾವ ಉಪಸಂಪಾದಕರೂ ಕಲಿಸಿರಲಿಲ್ಲ.

ಆ ಬುಧವಾರ ಕೂಟಕ್ಕೆ ನಾನೇ ಹೋದೆ. ವರ್ಷಗಳ ಮೇಲೆ ಹೋದದ್ದು. ಹತ್ತು ಹನ್ನೆರಡು ಹೆಂಗಸರು ಚಾಪೆಯ ಮೇಲಿದ್ದರು, ಅತ್ತೆ ಪುಸ್ತಕ ಮುಚ್ಚಿಕೊಂಡು ಮೂಲೆಯಲ್ಲಿದ್ದಳು. ನಡೆದದ್ದನ್ನು ಅವಳೇ ಅದಾಗಲೇ ಹೇಳಿದ್ದಳು. ನಾನು ನಿಂತುಕೊಂಡೇ ಮೂರು ಸಂಗತಿ ಹೇಳಿದೆ: ಹೆಸರು ಬರೆಯಬಾರದು, ಊರು ಬರೆಯಬಾರದು, ಕಾರ್ಡು ನಿಲ್ಲಿಸಬೇಕು. ದನಿ ಏರಿತ್ತು.

ಅವರಲ್ಲೆಲ್ಲ ಹಿರಿಯಳು, ಮಗ್ಗದ ಮನೆಯ ಮುದುಕಿ, ನನ್ನನ್ನು ಕುಂಡ್ರು ಎಂದಳು. “ನೀ ಹೇಳೂದು ಖರೆ ಐತಿ ತಮ್ಮಾ. ನಮ್ಮದು ತಪ್ಪಾತು. ಈಗ ನನಗೊಂದು ಹೇಳು. ಕ್ಷುಲ್ಲಕ ಕಾರಣ ಅಂತ ಬರದೀಯಲ್ಲ ಪೇಪರಿನ್ಯಾಗ, ಏನದು ಕಾರಣ?”

ನಾನು ಕೇಳಿರಲಿಲ್ಲ. ಆ ಚಾಪೆಯ ಮೇಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಪಂಚಮಿಗೆಂದು ತವರಿಗೆ ಹೋದ ಕೌದಿಯಾಕೆ ಎರಡು ದಿನ ಹೆಚ್ಚು ಉಳಿದು ಬಂದಿದ್ದಳು. ಅಷ್ಟಕ್ಕೆ ಕುಡಗೋಲು.

ಮುದುಕಿ ಅಷ್ಟನ್ನು ಹೇಳಿ ಮುಗಿಸಿದಳು, ಎಲ್ಲರೂ ಕಣ್ಣು ಮುಚ್ಚಿದರು. ಪರಲೋಕದ ತಂದೆಯೇ, ನಮ್ಮ ಅಜ್ಞಾನವನ್ನು ಮನ್ನಿಸು ಎಂದು ಶುರುವಾಯಿತು. ಕೌದಿಯಾಕೆಗಾಗಿ ಬೇಡಿದರು, ಹೆಸರಿಲ್ಲದೆ, ತಡವರಿಸುತ್ತಾ. ಹೆಸರು ಬರಬೇಕಾದ ಜಾಗದಲ್ಲಿ ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತಿದ್ದರು. ಬಿಂಕದಕಟ್ಟಿಯಾಕೆಯ ಹೊಟ್ಟೆಗಾಗಿ ಬೇಡಿದರು. ಕುಡಗೋಲಿನವನಿಗಾಗಿ ಬೇಡಿದರು, ಈಗಲೂ ಬಿಡಲಿಲ್ಲ. ಕೊನೆಗೆ ಮಗ್ಗದ ಮುದುಕಿ, ನಮ್ಮ ನಡುವೆ ಸಿಟ್ಟಿನಿಂದ ನಿಂತಿರುವ ಈ ಮಗನಿಗೆ ಸಮಾಧಾನ ಕೊಡು ಎಂದು ನನ್ನ ಹೆಸರು ಹಿಡಿದು, ಅಪ್ಪನ ಹೆಸರು ಸೇರಿಸಿ, ಓಣಿಯನ್ನೂ ಹೇಳಿ ಬೇಡಿದಳು. ಎಲ್ಲರೂ ಆಮೆನ್ ಅಂದರು. ನನಗೆ ಸಮಾಧಾನ ಆಗಲಿಲ್ಲ.

ಕಾರ್ಡುಗಳು ನಿಂತವು. ಅತ್ತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಕೌದಿಯಾಕೆಯ ಹೆಸರಿನ ಮೇಲೆ, ಊರಿನ ಮೇಲೆ, ಬಿಳಿ ಕಾಗದದ ತುಂಡು ಅಂಟಿಸಿದಳು. ತಿಂಗಳಿಗೊಮ್ಮೆ ಯಾರಿಗೂ ಹೇಳದೆ ಲಕ್ಷ್ಮೇಶ್ವರಕ್ಕೆ ಹೋಗಿ ಬರುತ್ತಿದ್ದಳು. ಮೂರನೇ ಸಲ ಹೋದಾಗ ಕೌದಿಯಾಕೆ ಅಲ್ಲಿರಲಿಲ್ಲ. ಗಾದಿಯ ಮನೆಯವರಿಗಾಗಿ ಒಂದು ಕೌದಿ ಹೊಲಿದು ಮುಗಿಸಿ, ಮಡಿಸಿ, ಅದರ ಮೇಲೆ ಸೂಜಿ ಚುಚ್ಚಿಟ್ಟು ಹೊರಟುಹೋಗಿದ್ದಳು. ಎಲ್ಲಿಗೆ ಎಂದು ಅವರಿಗೂ ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ. ಅತ್ತೆಗೆ ಇದು ಬಹಳ ಕಾಲ ನೋವಾಗಿ ಉಳಿಯಿತು. ನನಗಾದರೂ ಹೇಳಬಹುದಿತ್ತು ಎಂದು ಹಲವು ಸಲ ಅಂದಳು. ನಾನು ಪ್ರತಿ ಸಲ ಬಾಯಿಗೆ ಬಂದದ್ದನ್ನು ತಡೆದುಕೊಂಡೆ.

ಪ್ರಕರಣ ಎರಡು ವರ್ಷದ ಮೇಲೆ ಗದಗದ ಕೋರ್ಟಿನಲ್ಲಿ ಸಾಕ್ಷಿಗೆ ಬಂತು. ಆಕೆ ಬರುತ್ತಾಳೆಂದು ಸರ್ಕಾರಿ ವಕೀಲರಿಗೂ ಖಾತ್ರಿ ಇರಲಿಲ್ಲ. ಹನ್ನೊಂದು ಗಂಟೆಗೆ ಒಬ್ಬಳೇ ಬಂದಳು. ಹಿಂದಿನ ಬೆಂಚಿನಲ್ಲಿ ಅತ್ತೆ, ಮಗ್ಗದ ಮುದುಕಿ, ಬಿಂಕದಕಟ್ಟಿಯಾಕೆ; ಇನ್ನೊಂದು ತುದಿಯಲ್ಲಿ ಮುಂಡರಗಿಯ ಗಿರಣಿಯಾಕೆ ಮತ್ತು ನೆಗೆಣ್ಣಿ. ಯಾರು ಕರೆದಿದ್ದರೋ ಗೊತ್ತಿಲ್ಲ. ಕಟಕಟೆಯಲ್ಲಿ ಆಕೆ ಎಡಗೈ ಎತ್ತಿ ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಪಂಚಮಿಯ ಎರಡು ದಿನವನ್ನೂ ಹೇಳಿದಳು. ಈಗ ಎಲ್ಲಿದ್ದೀ ಎಂದು ಗಂಡನ ಕಡೆಯ ವಕೀಲರು ಕೇಳಿದರು.

“ಹೇಳಂಗಿಲ್ರಿ,” ಎಂದಳು.

ಅವರು ಮತ್ತೆ ಕೇಳಿದರು. ನ್ಯಾಯಾಧೀಶರು ಮುಂದಿನ ಪ್ರಶ್ನೆಗೆ ಹೋಗಲು ಹೇಳಿದರು. ಹೊರಗೆ ಬಂದ ಮೇಲೆ ಬೇವಿನ ಮರದ ಕೆಳಗೆ ಅತ್ತೆಯ ಕೈ ಹಿಡಿದು ಎರಡು ನಿಮಿಷ ನಿಂತಳು. ಇಬ್ಬರೂ ಏನು ಮಾತಾಡಿದರೋ ನನಗೆ ಕೇಳಲಿಲ್ಲ. ನಂತರ ಬಸ್ ನಿಲ್ದಾಣದ ಕಡೆಗೆ ನಡೆದಳು. ಹೆಂಗಸರು ಯಾರೂ ಹಿಂದೆ ಹೋಗಲಿಲ್ಲ.

ಗಂಡನಿಗೆ ಶಿಕ್ಷೆಯಾಯಿತು. ತೀರ್ಪಿನ ದಿನ ನಾನು ಹನ್ನೆರಡು ಸಾಲು ಬರೆದೆ. ಮೊದಲ ಸಾಲಿನಲ್ಲೇ, ಪಂಚಮಿಗೆ ತವರಿಗೆ ಹೋದವಳು ಎರಡು ದಿನ ತಡವಾಗಿ ಬಂದಳೆಂಬ ಕಾರಣಕ್ಕೆ ಎಂದು ಬರೆದು, ಅಡಿಗೆರೆ ಹಾಕಿ, ಬಸ್ಸಿಗೆ ಕೊಟ್ಟೆ. ಮರುದಿನ ಐದನೇ ಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ಕ್ಷುಲ್ಲಕ ಕಾರಣಕ್ಕೆ ಪತ್ನಿ ಮೇಲೆ ಹಲ್ಲೆ: ಪತಿಗೆ ಶಿಕ್ಷೆ.

ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಕೂಟ ಬುಧವಾರವೇ ಸೇರುತ್ತದೆ. ಪುಸ್ತಕ ತುಂಬಿದಾಗಲೆಲ್ಲ ಮುಗಿಯದ ಬೇಡಿಕೆಗಳನ್ನು ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಈಗಿನದನ್ನು ಮೊನ್ನೆ ತೆರೆದು ನೋಡಿದೆ. ಹಿಂದಿನಿಂದ ಮೊದಲ ಪುಟ, ಮೊದಲ ಸಾಲು. ಹೆಸರಿನ ಖಾನೆಯಲ್ಲಿ ‘ಒಬ್ಬ ಸಹೋದರಿ’ ಎಂದಿದೆ. ಬೇಡಿಕೆಯ ಖಾನೆಯಲ್ಲಿ ‘ಎಡಗೈ’ ಎಂದಿದೆ. ಯಾರದು ಎಂದು ಪುಸ್ತಕ ಇಟ್ಟುಕೊಂಡ ಹೆಂಗಸನ್ನು ಕೇಳಿದೆ. ಗೊತ್ತಿಲ್ಲ, ಮೊದಲಿನಿಂದ ಓದುತ್ತಾ ಬಂದಿದ್ದೇವೆ ಎಂದಳು. ಊರಿನ ಖಾನೆ ಖಾಲಿ ಇದೆ.